ತಂಗಿ, ನಿನ್ನ ಹೊಟ್ಟೆನೋವೂ ನಿಜ, ಹೆದರಿಕೆಯೂ ನಿಜ

ತಂಗಿ, ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳು. ಬೇಕಂತಲೇ ಗ್ರೂಪಿಗೆ ಹಾಕುತ್ತಿದ್ದೇನೆ, ಯಾಕಂದರೆ ನಮ್ಮ ಮನೆತನದಲ್ಲಿ ಈ ತೊಂದರೆ ನಿನಗೊಬ್ಬಳಿಗೇ ಇಲ್ಲ. ಬಾಯಿಬಿಟ್ಟು ಹೇಳುವವರು ಕಮ್ಮಿ ಅಷ್ಟೇ.

ನವನಗರದಿಂದ ಬೀಳಗಿ ಶಾಲೆಗೆ ಬಸ್ ಹತ್ತುವ ಹೊತ್ತಿಗೆ ಹೊಟ್ಟೆ ಹಿಂಡುತ್ತದೆ, ಎರಡು ಮೂರು ಸಲ ಸಂಡಾಸಿಗೆ ಹೋಗಬೇಕಾಗುತ್ತದೆ ಅಂತ ಬರೆದಿದ್ದೀಯ. ದಾರಿಯಲ್ಲಿ ಮತ್ತೆ ಬಂದರೆ ಏನು ಗತಿ ಅಂತ ಎದೆ ಹೊಡೆದುಕೊಳ್ಳುತ್ತದೆ. ಸೋನೋಗ್ರಫಿ ನಾರ್ಮಲ್, ಡಾಕ್ಟರ್ ಐಬಿಎಸ್, ಅಂದರೆ ಕರುಳು ಬೇಗ ಕೆರಳುವ ತೊಂದರೆ, ಅಂದಿದ್ದಾರೆ, ಟೆನ್ಷನ್ ಬಿಡು ಅಂದಿದ್ದಾರೆ. ಗುಳಿಗೆ ಇಲ್ಲದೆ ಏನಾದರೂ ದಾರಿ ಇದೆಯಾ ಅಂತ ನಿನ್ನ ಪ್ರಶ್ನೆ. ಅದರ ಕೆಳಗೆ ಯಾರೋ "ಎಲ್ಲಾ ಮನಸ್ಸಿಂದು, ಗಟ್ಟಿ ಆಗು" ಅಂತ ಹಾಕಿದ್ದಾರೆ. ಮೊದಲು ಆ ಮಾತಿಗೇ ಬರುತ್ತೇನೆ.

ಎಲ್ಲಾ ಮನಸ್ಸಿಂದಲ್ಲ. ನಮ್ಮ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಜಾಸ್ತಿ ನರಕೋಶಗಳಿವೆ. ಮೆದುಳಿಗೂ ಅವಕ್ಕೂ ನಡುವೆ ವೇಗಸ್ ಅನ್ನುವ ದೊಡ್ಡ ನರ ಇದೆ, ಸುದ್ದಿ ಎರಡೂ ಕಡೆ ಓಡುತ್ತದೆ. ಐಬಿಎಸ್ ಇರುವವರಲ್ಲಿ ಈ ನರಗಳು ಜಾಸ್ತಿ ಸೂಕ್ಷ್ಮ ಆಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನಿನಗೆ ನೋವಾಗಿ ತಿಳಿಯುತ್ತದೆ. ಸೋನೋಗ್ರಫಿಯಲ್ಲಿ ಇದು ಕಾಣುವುದಿಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ನೋವು ಸುಳ್ಳಲ್ಲ. ನಿನಗೆ ಶುರುವಾದದ್ದು ಆ ಮದುವೆ ಊಟದ ವಾಂತಿ-ಭೇದಿ ಆದ ಮೇಲೆ ಅಲ್ವಾ? ಹಾಗೆ ಜೋರು ಭೇದಿ ಆದವರಲ್ಲಿ ಕೆಲವರಿಗೆ ಸೋಂಕು ಹೋದ ಮೇಲೂ ಕರುಳು ಹೀಗೇ ಉಳಿಯುತ್ತದೆ. ಆ ಹೊತ್ತಿನಲ್ಲಿ ಮನಸ್ಸಿಗೆ ಒತ್ತಡ ಇದ್ದರೆ ಹಾಗಾಗುವುದು ಇನ್ನೂ ಜಾಸ್ತಿ. ಹೊಟ್ಟೆ ಹೆದರಿಕೆಯನ್ನು ಎಬ್ಬಿಸುತ್ತದೆ, ಹೆದರಿಕೆ ಹೊಟ್ಟೆಯನ್ನು ಎಬ್ಬಿಸುತ್ತದೆ. ಅದಕ್ಕೇ ಒಂದನ್ನೇ ಹಿಡಿದು ಕೂತರೆ ಆಗುವುದಿಲ್ಲ, ಎರಡನ್ನೂ ಒಟ್ಟಿಗೆ ನೋಡಬೇಕು.

ನಾನೂ ಇದರ ಜೊತೆ ವರ್ಷಗಟ್ಟಲೆ ಇದ್ದೇನೆ. ನನಗೆ ನಿನ್ನ ಮೆಸೇಜಿನಲ್ಲಿ ಚಿಂತೆ ಹತ್ತಿಸಿದ ಸಾಲು ಯಾವುದು ಗೊತ್ತಾ? "ಅಕ್ಕಾ, ಈಗ ಬೆಳಿಗ್ಗೆ ಏನೂ ತಿನ್ನುವುದೇ ಬಿಟ್ಟಿದ್ದೇನೆ, ಮೊಸರೂ ಬಿಟ್ಟೆ, ಕಾಳೂ ಬಿಟ್ಟೆ" ಅಂದೆಯಲ್ಲ, ಅದು. ಹೆದರಿ ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ಅನ್ನ-ಸಾರು ಮಾತ್ರ ಉಳಿಯುತ್ತದೆ. ಮೈ ಇಳಿಯುತ್ತದೆ, ಹೆದರಿಕೆ ಬೆಳೆಯುತ್ತದೆ. ಮೇಲಾಗಿ ಬೆಳಿಗ್ಗೆಯಿಂದ ಖಾಲಿ ಹೊಟ್ಟೆ ಇಟ್ಟುಕೊಂಡು ಮಧ್ಯಾಹ್ನ ಹಸಿವು ತಡೆಯಲಾರದೆ ಚುರಮುರಿ ಜೊತೆ ಮಿರ್ಚಿ ಬಜ್ಜಿ ತಿಂದರೆ ಸಂಜೆ ಬಸ್ಸಿನಲ್ಲಿ ಹೊಟ್ಟೆ ಸುಮ್ನಿರುತ್ತಾ? ಕರಿದದ್ದು, ಖಾರ, ಗಬಗಬ ತಿನ್ನುವುದು, ಮೂರೂ ಕರುಳನ್ನು ಕೆರಳಿಸುತ್ತವೆ.

ಬೆಳಿಗ್ಗೆ ಎದ್ದ ಮೇಲೆ, ಅದರಲ್ಲೂ ಏನಾದರೂ ತಿಂದ ಮೇಲೆ, ದೊಡ್ಡ ಕರುಳು ತಾನಾಗಿಯೇ ಜೋರಾಗಿ ಕೆಲಸ ಮಾಡುತ್ತದೆ. ಎಲ್ಲರಿಗೂ ಹಾಗೇ, ನಮಗೆ ಸ್ವಲ್ಪ ಜಾಸ್ತಿ. ಹಾಗಾಗಿ ತಿನ್ನುವುದನ್ನು ಬಿಡಬೇಡ, ಇನ್ನೂ ಬೇಗ ತಿನ್ನು. ಒಂದು ತಾಸು ಮೊದಲು ಎದ್ದು ಬೆಚ್ಚಗಿನ ನೀರು ಕುಡಿ, ಸ್ವಲ್ಪ ತಿನ್ನು, ಕರುಳಿಗೆ ಅದರ ಕೆಲಸ ಮುಗಿಸಲು ಟೈಮ್ ಕೊಡು. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗು.

ಈಗ ಊಟದ ಮಾತು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಮೊನಾಶ್ ವಿಶ್ವವಿದ್ಯಾಲಯ ಇದೆ. ಅಲ್ಲಿಯವರು ಫಾಡ್‌ಮ್ಯಾಪ್ ಅನ್ನುವ ಊಟದ ಪದ್ಧತಿ ಮಾಡಿದ್ದಾರೆ. ಕೆಲವು ಬಗೆಯ ಸಕ್ಕರೆ ಅಂಶಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತವೆ, ಗ್ಯಾಸ್ ಆಗುತ್ತದೆ, ನೀರನ್ನೂ ಎಳೆದುಕೊಳ್ಳುತ್ತವೆ. ಅಂಥವು ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳು, ಮಾವು, ಸೀತಾಫಲ, ಕಲ್ಲಂಗಡಿ ಇವುಗಳಲ್ಲಿ ಜಾಸ್ತಿ. ಕೇಳಿದರೆ ನಮ್ಮ ಊಟವೆಲ್ಲಾ ಹೋಯಿತು ಅನ್ನಿಸುತ್ತದೆ. ಆದರೆ ನೋಡು, ನಮ್ಮ ಜೋಳದ ರೊಟ್ಟಿ ಉಳಿಯಿತು! ಜೋಳದಲ್ಲಿ ಆ ಅಂಶ ಗೋಧಿಗಿಂತ ಬಹಳ ಕಮ್ಮಿ. ಚಪಾತಿಗಿಂತ ರೊಟ್ಟಿ ನಿನಗೆ ಒಳ್ಳೆಯದು. ಶೇಂಗಾ ಚಟ್ನಿ ನಡೆಯುತ್ತದೆ, ಅಗಸಿ ಚಟ್ನಿ ಅಂತೂ ಒಳ್ಳೆಯದೇ. ಅಗಸಿಯಲ್ಲಿ ಮೆತ್ತಗಾಗುವ ನಾರು ಇದೆ, ಹೊಟ್ಟೆ ಉಬ್ಬರಕ್ಕೆ ದಿನಕ್ಕೆ ಒಂದು ದೊಡ್ಡ ಚಮಚದವರೆಗೆ ತಿನ್ನಬಹುದು, ನೀರು ಮಾತ್ರ ಚೆನ್ನಾಗಿ ಕುಡಿಯಬೇಕು. ಆದರೆ ಅವ್ವನಿಗೆ ಹೇಳು, ನಿನ್ನ ಪಾಲಿನ ಚಟ್ನಿಯನ್ನು ಬೆಳ್ಳುಳ್ಳಿ ಹಾಕದೆ ಕುಟ್ಟಲಿ, ಖಾರವೂ ಕಮ್ಮಿ ಇರಲಿ.

ಬೆಳ್ಳುಳ್ಳಿ ಘಮ ಬೇಕೇ ಬೇಕು ಅಂದರೆ ಉಪಾಯ ಇದೆ. ತೊಂದರೆ ಕೊಡುವ ಆ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಡು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಡು. ಸಾರಿನಲ್ಲಿ ಕುದಿಸಿ ಆಮೇಲೆ ತೆಗೆದರೆ ಪ್ರಯೋಜನ ಇಲ್ಲ. ಉಳ್ಳಾಗಡ್ಡಿಯ ಬದಲು ಅದರ ಹಸಿರು ತಪ್ಪಲು ಹಾಕು, ಬಿಳಿ ಗಡ್ಡೆ ಬೇಡ. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸು. ಸ್ವಲ್ಪವೇ ಹಾಕಿಕೋ. ಹಾಲು ಆಗದಿದ್ದರೆ ಮಜ್ಜಿಗೆ ಕೆಲವರಿಗೆ ಆಗುತ್ತದೆ, ನೋಡು. ಶಾಲೆಯಲ್ಲಿ ಸಲಸಲ ಚಹಾ ಕುಡಿಯುತ್ತೀಯಲ್ಲ, ಅದನ್ನು ಎರಡಕ್ಕೆ ಇಳಿಸು.

ಮುಖ್ಯ ಮಾತು, ಈ ಪಥ್ಯ ಜನ್ಮವಿಡೀ ಅಲ್ಲ. ಎರಡರಿಂದ ಆರು ವಾರ ಅಷ್ಟೇ. ಆಮೇಲೆ ಒಂದೊಂದನ್ನೇ ವಾಪಸ್ ತರಬೇಕು, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಮೂರು ದಿನ ನೋಡಬೇಕು. ಆದದ್ದನ್ನು ಖುಷಿಯಿಂದ ತಿನ್ನಬೇಕು. ಎಲ್ಲವೂ ನಿನಗೆ ಆಗದೇ ಇರುವುದಿಲ್ಲ. ಡಯಟೀಷಿಯನ್ ಒಬ್ಬರು ಸಿಕ್ಕರೆ ಅವರ ಜೊತೆ ಮಾಡುವುದು ಇನ್ನೂ ಒಳ್ಳೆಯದು, ಈಗಾಗಲೇ ಮೈ ಇಳಿದಿದ್ದರೆ ಒಬ್ಬಳೇ ಮಾಡಲೇಬೇಡ. ಗೋಧಿ ಬಿಡುವ ಮೊದಲು ಸೀಲಿಯಾಕ್, ಅಂದರೆ ಗೋಧಿಯ ಗ್ಲುಟೆನ್ ಕರುಳಿಗೆ ಆಗದ ಕಾಯಿಲೆ, ಅದರ ರಕ್ತಪರೀಕ್ಷೆ ಆಗಿದೆಯಾ ಕೇಳು. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಅದು ಸರಿಯಾಗಿ ತೋರಿಸುವುದಿಲ್ಲ.

ಕಾಕಾ, ನೀವು ಕಳಿಸಿದ ಚೂರ್ಣದ ಫಾರ್ವರ್ಡ್ ಓದಿದೆ. ಪ್ರೀತಿಯಿಂದ ಕಳಿಸಿದ್ದೀರಿ, ತಪ್ಪು ತಿಳಿಯಬೇಡಿ, ಅದು ಇವಳಿಗೆ ಬೇಡ. ಅದರಲ್ಲಿ ಸೋನಾಮುಖಿ ಇದೆ, ಅದು ಭೇದಿ ಮಾಡಿಸುವ ಎಲೆ. ಇವಳಿಗೆ ಮೊದಲೇ ಸಡಿಲ. ಅಶ್ವಗಂಧವನ್ನೂ ಡಾಕ್ಟರಿಗೆ ಕೇಳದೆ ತೆಗೆದುಕೊಳ್ಳುವುದು ಬೇಡ, ಥೈರಾಯ್ಡ್ ಗುಳಿಗೆ ತಿನ್ನುವವರಿಗೆ ಏರುಪೇರು ಮಾಡಬಹುದು, ಕೆಲವರಿಗೆ ಲಿವರ್ ತೊಂದರೆ ಆದದ್ದೂ ಇದೆ. ಗಿಡಮೂಲಿಕೆ ಅಂದ ಕೂಡಲೇ ನಿರಪಾಯ ಅಲ್ಲ.

ಇಸಬ್‌ಗೋಲ್ ಮಾತ್ರ ನಾನು ಧೈರ್ಯವಾಗಿ ಹೇಳುತ್ತೇನೆ. ಸಡಿಲ ಇದ್ದವರಿಗೂ ಆಗುತ್ತದೆ, ಮಲಬದ್ಧತೆ ಇದ್ದವರಿಗೂ ಆಗುತ್ತದೆ, ಯಾಕಂದರೆ ಅದು ನೀರು ಹೀರಿ ಜಿಗಟಾಗುತ್ತದೆ. ಅರ್ಧ ಚಮಚದಿಂದ ಶುರು ಮಾಡು, ದೊಡ್ಡ ಗ್ಲಾಸ್ ನೀರಿನಲ್ಲಿ ಕಲಸಿ ತಕ್ಷಣ ಕುಡಿ. ಒಣ ಪುಡಿ ಬಾಯಿಗೆ ಹಾಕಿಕೊಳ್ಳಬೇಡ, ಗಂಟಲಲ್ಲಿ ಕೂತುಬಿಡುತ್ತದೆ. ಮೊದಲ ವಾರ ಸ್ವಲ್ಪ ಗ್ಯಾಸ್ ಆಗಬಹುದು. ಗೋಧಿ ತೌಡು ಬೇಡ, ಅದು ಐಬಿಎಸ್ ಇದ್ದವರಿಗೆ ಉಬ್ಬರ ಜಾಸ್ತಿ ಮಾಡುತ್ತದೆ. ಪುದಿನಾ ಎಣ್ಣೆಯ ಕ್ಯಾಪ್ಸೂಲ್ ಹಿಂಡುವ ನೋವಿಗೆ ಒಳ್ಳೆಯದು, ಎದೆಯುರಿ ಇದ್ದರೆ ಬೇಡ. ಓಮದ ನೀರು ಹಿತ ಅನ್ನಿಸಿದರೆ ಕುಡಿ.

ಈಗ ಹೆದರಿಕೆಯ ಕಡೆ. ದಿನಾ ಎರಡು ಹೊತ್ತು, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಕೂತುಕೋ. ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೋ, ಆರು ಎಣಿಸುತ್ತಾ ಬಿಡು. ಕೈ ಏಳಬೇಕು, ಎದೆ ಏಳಬಾರದು. ಹತ್ತು ನಿಮಿಷ ಸಾಕು. ಹೆದರಿಕೆ ಇಲ್ಲದಾಗ ರೂಢಿ ಮಾಡಿಕೊಂಡರೆ ಮಾತ್ರ ಬಸ್ಸಿನಲ್ಲಿ ಕೈಗೆ ಬರುತ್ತದೆ. ಸಂಜೆ ನವನಗರದ ರಸ್ತೆಯಲ್ಲಿ ಅರ್ಧ ತಾಸು ಬಿರುಸಾಗಿ ನಡೆ. ನಡೆದಾಡುವುದರಿಂದ, ಯೋಗದಿಂದ ಐಬಿಎಸ್ ಕಮ್ಮಿ ಆಗುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಸುಮ್ನೆ ಹೇಳುವ ಮಾತಲ್ಲ.

ಬಸ್ಸಿನ ವಿಷಯಕ್ಕೆ ಬೇರೆಯೇ ಅಭ್ಯಾಸ ಬೇಕು. ರಜೆ ದಿನ ತಂಗಿಯಂದಿರನ್ನು ಕರೆದುಕೊಂಡು ಎರಡು ಸ್ಟಾಪ್ ಹೋಗಿ ಇಳಿದುಬಿಡು. ಮುಂದಿನ ಸಲ ನಾಲ್ಕು. ಹೊಟ್ಟೆ ಗುಡುಗುಡು ಅಂದರೂ ಏನೂ ಆಗಲಿಲ್ಲ ಅನ್ನುವುದು ಮೈಗೇ ಗೊತ್ತಾಗಬೇಕು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟುಕೋ, ನಾಚಿಕೆ ಬೇಡ. ಇದನ್ನೇ ಕ್ರಮವಾಗಿ ಕಲಿಸುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ, ಐಬಿಎಸ್‌ಗೂ ಆತಂಕಕ್ಕೂ ಎರಡಕ್ಕೂ ಆಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ, ಬೀಳಗಿಯಲ್ಲಿ ಯಾವಾಗ ಬರುತ್ತಾರೆ ಅಂತ ವಿಚಾರಿಸು.

ಗುಳಿಗೆ ಬೇಡ ಅಂದೆ. ಸರಿ, ಮೊದಲು ಇದೆಲ್ಲಾ ಮಾಡು. ಆದರೆ ಬಾಗಿಲು ಮುಚ್ಚಬೇಡ. ಅಮಿಟ್ರಿಪ್ಟಿಲಿನ್ ಅನ್ನುವ ಹಳೆಯ ಗುಳಿಗೆ ಕಮ್ಮಿ ಡೋಸಿನಲ್ಲಿ ಕರುಳಿನ ನರಗಳನ್ನು ಶಾಂತ ಮಾಡುತ್ತದೆ. 2023ರಲ್ಲಿ ಇಂಗ್ಲೆಂಡಿನ ದೊಡ್ಡ ಅಧ್ಯಯನದಲ್ಲೂ ಅದು ಕಂಡುಬಂದಿದೆ. ಡಾಕ್ಟರ್ ಅದನ್ನು ಬರೆದರೆ "ನನಗೇನು ಹುಚ್ಚಾ" ಅಂತ ಅಳಬೇಡ.

ಮತ್ತೆ ಇದನ್ನು ಎಲ್ಲರೂ ಕೇಳಿ. ಸಂಡಾಸಿನಲ್ಲಿ ರಕ್ತ ಕಂಡರೆ, ತಾನಾಗಿ ತೂಕ ಇಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿ ಭೇದಿ ಆದರೆ, ಜ್ವರ ಇದ್ದರೆ, ರಕ್ತ ಕಮ್ಮಿ ಇದ್ದರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ ಅದನ್ನು ಐಬಿಎಸ್ ಅಂತ ಬಿಡಬೇಡಿ, ತಕ್ಷಣ ತೋರಿಸಿ.

ತಂಗಿ, ನೀನು ಸೋನೋಗ್ರಫಿ ಮಾತ್ರ ಹೇಳಿದೆ, ರಕ್ತದ ರಿಪೋರ್ಟ್ ಹೇಳಲಿಲ್ಲ. ಥೈರಾಯ್ಡ್ ಜಾಸ್ತಿ ಇದ್ದರೂ ಭೇದಿ, ಎದೆ ಹೊಡೆತ, ತೂಕ ಇಳಿಯುವುದು ಎಲ್ಲಾ ಆಗುತ್ತದೆ. ರಿಪೋರ್ಟಿನ ಫೋಟೋ ನನಗೊಬ್ಬಳಿಗೇ ಕಳಿಸು, ಗ್ರೂಪಿಗೆ ಬೇಡ. ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಈ ವಾರವೇ ಮಾಡಿಸು. ಬೇಕಾದರೆ ಭಾನುವಾರ ವಿಜಯಪುರದಿಂದ ನಾನೇ ಬರುತ್ತೇನೆ, ಸೋಮವಾರ ಜೊತೆಗೇ ಡಾಕ್ಟರ್ ಹತ್ತಿರ ಹೋಗೋಣ.