ಪ್ರಶ್ನೋತ್ತರ: ನಾಲ್ಕು ಜನರ ನಡುವೆ ಎದೆ ಡವಡವ ಅಂದರೆ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ಡಾಕ್ಟ್ರೇ, ಹೋದ ತಿಂಗಳು ಮಾಟುಂಗಾದಲ್ಲಿ ನಮ್ಮವರ ಮದುವೆ. ಪಂಕ್ತಿಯಲ್ಲಿ ಕೂತಿದ್ದೆ, ಮನಸ್ಸಿಗೆ ಬೇಜಾರೇನೂ ಇರಲಿಲ್ಲ. ಸಾರು ಬಡಿಸುವ ಹೊತ್ತಿಗೆ ಎದೆ ಹೊಡೆದುಕೊಳ್ಳತೊಡಗಿತು. ಬೆರಳೆಲ್ಲ ಜುಮ್ಮೆಂದವು. ಸತ್ತೇ ಹೋಗುತ್ತೇನೆ ಅನ್ನಿಸಿ, ಎಲೆ ಬಿಟ್ಟು ಹೊರಗೆ ಓಡಿದೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇದೆ, ಇದು ಪ್ಯಾನಿಕ್ ಅಟ್ಯಾಕ್, ಅಂದರೆ ದಿಢೀರನೆ ಬರುವ ವಿಪರೀತ ಭಯ ಅಂದರು. ಆಮೇಲೆ ಇನ್ನೊಂದು ಸಲ ಆಯ್ತು. ಮುಂದಿನ ವಾರ ನಾದಿನಿಯ ಸೀಮಂತ. ಹೋಗದೆ ಇದ್ದುಬಿಡಲೇ?

ಉತ್ತರ (ಮನೋವೈದ್ಯರು): ದಯವಿಟ್ಟು ಹೋಗಿ. ಹೃದಯ ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯ್ತು, ಮೊದಲ ಸಲ ಎಲ್ಲರೂ ಮಾಡಿಸಲೇಬೇಕು.

ನಿಮಗೆ ಆದದ್ದು ಇಷ್ಟು. ಅಪಾಯ ಇಲ್ಲದಿದ್ದರೂ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಏರಿತು. ಉಸಿರಾಟ ಜೋರಾಯಿತು. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಸಾಮಾನ್ಯವಾಗಿ 10 ನಿಮಿಷದೊಳಗೆ ಇದು ತಾರಕಕ್ಕೇರಿ, ತಾನಾಗಿಯೇ ಇಳಿಯುತ್ತದೆ. ಆದರೆ ನೀವು ಓಡಿದಿರಲ್ಲ, ಓಡಿದ್ದರಿಂದಲೇ ಬದುಕಿದೆ ಅಂತ ಮನಸ್ಸು ನಂಬಿಬಿಟ್ಟಿತು. ಅಟ್ಯಾಕ್‌ಗಿಂತ ನನಗೆ ಚಿಂತೆ ಇದರದ್ದೇ. ಇವತ್ತು ಸೀಮಂತ ಬಿಟ್ಟರೆ ನಾಳೆ ಲೋಕಲ್ ಟ್ರೈನೂ ಬಿಡುತ್ತೀರಿ.

ಮತ್ತೆ ಬಂದರೆ ಕೂತಲ್ಲೇ ಕೂತಿರಿ. ದೊಡ್ಡ ದೊಡ್ಡ ಉಸಿರು ಎಳೆಯಬೇಡಿ, ಅದರಿಂದ ಜುಮ್ಮೆನ್ನುವುದು ಜಾಸ್ತಿಯಾಗುತ್ತದೆ. ಮೂಗಿನಿಂದ ಮೆಲ್ಲಗೆ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ಬಾಳೆಎಲೆಯ ತಂಪು, ಪಕ್ಕದವರ ಸೀರೆಯ ಅಂಚು, ಹೀಗೆ ಕಣ್ಣೆದುರು ಇರುವುದರ ಮೇಲೆ ಗಮನ ಇಡಿ. ‘ಬರಲಿ, ಹೋಗುತ್ತದೆ’ ಅಂದುಕೊಳ್ಳಿ. ತಡೆಯಲು ಗುದ್ದಾಡಿದಷ್ಟೂ ಅದು ಬೆಳೆಯುತ್ತದೆ.

ಮರುಪ್ರಶ್ನೆ: ಅತ್ತೆ ದೃಷ್ಟಿ ತಾಗಿದೆ ಅನ್ನುತ್ತಾರೆ. ಎಲ್ಲರೂ ಸುತ್ತ ನಿಂತು ಗಾಳಿ ಹಾಕಿದರೆ ನಾಚಿಕೆಯಾಗುತ್ತದೆ.

ಉತ್ತರ: ಅತ್ತೆ ದೃಷ್ಟಿ ತೆಗೆದರೆ ತೆಗೆಯಲಿ, ಅದಕ್ಕೆ ಜಗಳ ಬೇಡ. ನಂಬಿಕೆಯ ಒಬ್ಬರಿಗೆ ಮೊದಲೇ ಹೇಳಿಡಿ: ‘ಹಾಗಾದರೆ ಪಕ್ಕದಲ್ಲಿ ಸುಮ್ನೆ ಕೂತಿರು, ಯಾರನ್ನೂ ಕರೆಯಬೇಡ.’

ಇನ್ನೊಬ್ಬ ಸದಸ್ಯರು: ನನಗೆ ದಾದರ್ ಗದ್ದಲದಲ್ಲಿ ಹೀಗಾಗುತ್ತಿತ್ತು. ಗೆಳೆಯ ಕೊಟ್ಟ ಅಲ್ಪ್ರಾಝೋಲಮ್ ಎಂಬ ಆತಂಕ ಇಳಿಸುವ ಮಾತ್ರೆ ಜೇಬಿನಲ್ಲಿ ಇಟ್ಟಿರುತ್ತೇನೆ. ತಪ್ಪಾ?

ಉತ್ತರ: ಬೇರೆಯವರ ಮಾತ್ರೆ ಬೇಡ. ಅದು ಚಟವಾಗಬಹುದು. ದಿನಾ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಏಕಾಏಕಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ಇಳಿಸಿ. ಪದೇ ಪದೇ ಆಗುವವರಿಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಕಾದರೆ ಖಿನ್ನತೆ, ಆತಂಕಕ್ಕೆ ವೈದ್ಯರು ಬರೆದುಕೊಡುವ ಎಸ್ಎಸ್ಆರ್‌ಐ ಮಾತ್ರೆಗಳೂ ಇವೆ, ಅವುಗಳ ಗುಣ ಕಾಣಲು ಕೆಲವು ವಾರ ಬೇಕು. ಕನ್ನಡದಲ್ಲೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ.