ಟೆಂಡನ್ ಸ್ಟ್ರಿಪ್ಪರ್‌ಗೆ ಏನೆನ್ನೋಣ? ಜೊತೆಗೆ ಇನ್ನು ಕೆಲವು ಪದಗಳು

ಗೆಳೆಯರೇ, ಪುಣೆಯಿಂದ ಒಂದು ಪದವಿಚಾರಣೆ. ಭೋಸರಿಯ ವರ್ಕ್‌ಶಾಪ್‌ಗಳಲ್ಲಿ ಲೇತ್, ಗ್ರೈಂಡಿಂಗ್, ಪಾಲಿಶ್ ಕೆಲಸಕ್ಕೆ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರಿದ್ದಾರೆ. ಮೊಣಕಾಲಿನ ಲಿಗಮೆಂಟ್ ಆಪರೇಷನ್ನಿನ ಉಪಕರಣಗಳಿಗೆ ಅವರು ಓದಿಕೊಂಡು ಕೆಲಸ ಮಾಡುವಂಥ ಹಾಳೆಗಳನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ಇಲ್ಲಿ ಪದ ತಪ್ಪಿದರೆ ಉಪಕರಣದ ಅಂಚೇ ತಪ್ಪಾಗಿ ತಯಾರಾಗುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಕೇಳುತ್ತಿದ್ದೇನೆ.

ಮೊದಲು ಅಂಗಗಳ ಹೆಸರು. ಸ್ನಾಯುವನ್ನು ಮೂಳೆಗೆ ಸೇರಿಸುವುದು ಟೆಂಡನ್, ಮೂಳೆಯನ್ನು ಮೂಳೆಗೆ ಸೇರಿಸುವುದು ಲಿಗಮೆಂಟ್. ಶಾಲೆಯ ಪುಸ್ತಕಗಳ ‘ಸ್ನಾಯುರಜ್ಜು’, ‘ಅಸ್ಥಿರಜ್ಜು’ ಎರಡೂ ಈ ಅರ್ಥವನ್ನು ಸರಿಯಾಗಿ ಹೇಳುತ್ತವೆ. ತೊಡಕು ಬರುವುದು ನೆರೆಭಾಷೆಗಳ ಜೊತೆ ಓದುವಾಗ. ಮರಾಠಿಯಲ್ಲೂ ‘ಸ್ನಾಯು’ ಎಂದರೆ ನಮ್ಮ ಹಾಗೆ ಮಾಂಸಖಂಡವೇ. ಆದರೆ ಹಿಂದಿಯ ಪಾರಿಭಾಷಿಕ ಬಳಕೆಯಲ್ಲಿ ಅದೇ ಪದ ಲಿಗಮೆಂಟ್‌ಗೆ ನಿಂತಿದೆ, ಟೆಂಡನ್‌ಗೆ ‘ಕಂಡರಾ’. ಸುಶ್ರುತನಲ್ಲೂ ಸ್ನಾಯು 900, ಕಂಡರ 16; ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿಯ ಹಾಗೆ ದೇಹ ಸ್ನಾಯುಗಳಿಂದ ಬಿಗಿಯಲ್ಪಟ್ಟಿದೆ ಎನ್ನುತ್ತಾನೆ. ಹಳೆಯ ಅರ್ಥ ಅಸ್ಥಿರಜ್ಜುವಿಗೆ ಹತ್ತಿರ ಎಂಬುದು ನಿಜ. ಆದರೂ ಕನ್ನಡ ಓದುಗನ ಮನಸ್ಸಿನಲ್ಲಿ ಸ್ನಾಯು ಮಾಂಸಖಂಡವಾಗಿ ಕೂತಾಗಿದೆ, ಅದನ್ನು ಕದಲಿಸಬಾರದು ಎಂದು ನನ್ನ ಅಭಿಪ್ರಾಯ.

‘ನರ’ ಮಾತ್ರ ಬೇಡವೇ ಬೇಡ. ಆಡುಮಾತಿನಲ್ಲಿ ‘ಕೈಯ ನರ ಕಟ್ಟಾಗಿದೆ’ ಎಂದರೆ ಟೆಂಡನ್ನೂ ಇರಬಹುದು, ನರ್ವೂ ಇರಬಹುದು, ರಕ್ತನಾಳವೂ ಇರಬಹುದು. ಅಂಗೈ ಗಾಯದಲ್ಲಿ ಇವೆಲ್ಲ ಒಟ್ಟಿಗೇ ಕತ್ತರಿಸಿರುವುದು ಸಾಮಾನ್ಯ. ಬೆರಳು ಮಡಿಸುವ ಟೆಂಡನ್ನಿನ ಒಳಹೊಲಿಗೆಗೆ 3-0 ಅಥವಾ 4-0 ದಾರ (ಮೊದಲ ಅಂಕಿ ದೊಡ್ಡದಾದಷ್ಟೂ ದಾರ ಸಪೂರ), ಅದರ ಅಂಚಿನ ಸುತ್ತು ಹೊಲಿಗೆಗೆ 6-0. ನರಕ್ಕಾದರೆ ಸೂಕ್ಷ್ಮದರ್ಶಕದಡಿ 8-0, 9-0. ಸೂಜಿಹಿಡುಕದ ಬಾಯಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಈಗ ಮುಖ್ಯ ಪ್ರಶ್ನೆ, ಸ್ಟ್ರಿಪ್ಪರ್. ಹರಿದ ಲಿಗಮೆಂಟಿನ ಜಾಗಕ್ಕೆ ಹಾಕಲು ರೋಗಿಯದೇ ಒಂದು ಟೆಂಡನ್ ತೆಗೆಯುವ ಉಪಕರಣ ಇದು. ಉದ್ದನೆಯ ಕೋಲು, ತುದಿಯಲ್ಲಿ ಉಂಗುರ. ಮೊಣಕಾಲಿನ ಒಳಬದಿಯ ಸಣ್ಣ ಗಾಯದಿಂದ ಸೆಮಿಟೆಂಡಿನೋಸಸ್ (ತೊಡೆಯ ಹಿಂಭಾಗದ ಒಂದು ಸ್ನಾಯು) ಟೆಂಡನ್ನನ್ನು ಹೊರಗೆಳೆದು, ಉಂಗುರದೊಳಗೆ ಹಾಯಿಸಿ, ಒಂದು ಕೈಯಲ್ಲಿ ಟೆಂಡನ್ ಎಳೆದುಹಿಡಿದು ಇನ್ನೊಂದು ಕೈಯಲ್ಲಿ ಕೋಲನ್ನು ತೊಡೆಯ ಕಡೆಗೆ ನಿಧಾನವಾಗಿ ತಳ್ಳುತ್ತಾರೆ. ಮೇಲೆ ಹೋದಂತೆ ಮಾಂಸ ಕಳಚಿಕೊಳ್ಳುತ್ತದೆ, ಟೆಂಡನ್ ಇಡಿಯಾಗಿ ಕೈಗೆ ಬರುತ್ತದೆ. ಉಂಗುರದ ಮುಂದಿನ ಅಂಚು ಮಾಂಸವನ್ನು ಬಿಡಿಸುವಷ್ಟು ತೆಳ್ಳಗಿರಬೇಕು, ಟೆಂಡನ್ನನ್ನು ಕೊಯ್ಯುವಷ್ಟು ಹರಿತವಾಗಿರಬಾರದು. ಒಳಮೈ ಪೂರ್ತಿ ದುಂಡಗಾಗಿ ಪಾಲಿಶ್ ಆಗಬೇಕು. ಒಂದೇ ಒಂದು ಬರ್ (ಅಂಚಿನಲ್ಲಿ ಉಳಿಯುವ ಚೂಪಾದ ಲೋಹದ ಮುಳ್ಳು) ಉಳಿದರೂ ಟೆಂಡನ್ ಉದ್ದಕ್ಕೂ ಗೀರಿಕೊಂಡು ಸೀಳುತ್ತದೆ.

ಹಾಗಾಗಿ ‘ಕತ್ತರಿಸು’ ಎಂಬ ಪದ ಹಾಳೆಯಲ್ಲಿ ಬಂದರೆ ಗ್ರೈಂಡಿಂಗ್‌ನವನು ಅಂಚಿಗೆ ಸಾಣೆ ಹಿಡಿದೇ ಹಿಡಿಯುತ್ತಾನೆ, ಅದು ಅವನ ತಪ್ಪಲ್ಲ. ‘ಸೀಳು’ ಎಂದರೆ ಆಗಬಾರದ್ದನ್ನೇ ಹೇಳಿದಂತೆ. ‘ಸುಲಿ’ ಎಂದರೆ ಮೇಲಿನ ಸಿಪ್ಪೆ ತೆಗೆಯುವುದು. ಇಲ್ಲಿ ಬೇಕಾದದ್ದು ಒಳಗಿನ ಎಳೆ, ಜೊತೆಗೆ ‘ಸುಲಿಗೆ’ಯ ನೆನಪು ಬೇರೆ. ನನಗೆ ಸರಿ ಎನಿಸುವುದು ‘ಬಿಡಿಸು’. ಉಪಕರಣಕ್ಕೆ ‘ಬಿಡಿಸುಕೋಲು’ ಎನ್ನಬಹುದೇ? ಇದರಲ್ಲಿ ಎರಡು ಬಗೆ: ಟೆಂಡನ್ನಿನ ತುದಿಯನ್ನು ಮೊದಲೇ ಮೂಳೆಯಿಂದ ಬೇರ್ಪಡಿಸಿ ತೂರಿಸಬೇಕಾದದ್ದು, ತುದಿ ಮೂಳೆಗೆ ಅಂಟಿಕೊಂಡಿರುವಾಗಲೇ ಪಕ್ಕದಿಂದ ಸಿಕ್ಕಿಸಬಹುದಾದದ್ದು. ‘ಮುಚ್ಚುಂಗುರ’, ‘ಬಾಯುಂಗುರ’ ಎಂದರೆ ತಿಳಿಯುತ್ತದೆಂದು ಭಾವಿಸಿದ್ದೇನೆ.

ಬಳಸುವ ಕ್ರಮದ ಹಾಳೆಯಲ್ಲಿ ಇನ್ನೊಂದು ಪದ ಬೇಕು. ಈ ಟೆಂಡನ್ನಿನಿಂದ ಮೀನಖಂಡದ ಸ್ನಾಯುವಿನ ಕಡೆಗೆ ಅಡ್ಡಪಟ್ಟಿಗಳು ಹೋಗಿರುತ್ತವೆ. ಅವನ್ನು ಬೆರಳಿನಿಂದ ತಡಕಿ ಮೊದಲೇ ಕತ್ತರಿಸದಿದ್ದರೆ ಕೋಲು ದಾರಿತಪ್ಪಿ ಟೆಂಡನ್ ಅರ್ಧಕ್ಕೇ ತುಂಡಾಗುತ್ತದೆ. 28 ಸೆಂ.ಮೀ. ಸಿಕ್ಕರೆ ನಾಲ್ಕು ಮಡಿಕೆಗೆ 7 ಸೆಂ.ಮೀ.: ತೊಡೆಮೂಳೆಯೊಳಗೆ 2, ಕೀಲಿನೊಳಗೆ 3, ಮೊಣಕಾಲಿನ ಕೆಳಗಿನ ಮೂಳೆಯೊಳಗೆ 2. ಇಪ್ಪತ್ತಕ್ಕೇ ತುಂಡಾದರೆ 5 ಮಾತ್ರ, ಮೂಳೆಯೊಳಗೆ ಹಿಡಿತಕ್ಕೆ ಸಾಲದು. ಇಷ್ಟು ಮುಖ್ಯವಾದ ಈ ಪಟ್ಟಿಗಳಿಗೆ ‘ಕವಲುಪಟ್ಟಿ’ ಎಂದು ಬರೆದಿದ್ದೇನೆ.

ಹೀಗೆ ತೆಗೆದ ಟೆಂಡನ್ ಕೊನೆಗೆ ಲಿಗಮೆಂಟ್ ಆಗಿ ದುಡಿಯುತ್ತದೆ. ನಡುವಿನ ಹಂತದಲ್ಲಿ, ಹಲಗೆಯ ಮೇಲೆ ಹೊಲಿದು ಅಳೆಯುವಾಗ, ಅದಕ್ಕೆ ಹೆಸರೇನು? ‘ಕಸಿ’ ಎಂಬುದು ಕ್ರಿಯೆಗೆ ರೂಢಿ. ವಸ್ತುವಿಗೆ ‘ಕಸಿರಜ್ಜು’ ಎಂದಿಟ್ಟುಕೊಂಡೆ. ಇದರ ದಪ್ಪವನ್ನು 0.5 ಮಿ.ಮೀ. ಅಂತರದ ತೂತುಗಳಿರುವ ಅಳತೆಪಟ್ಟಿಯಲ್ಲಿ ತೂರಿಸಿ ನೋಡುತ್ತಾರೆ. 8 ಮಿ.ಮೀ.ಗಿಂತ ಸಪೂರವಾದರೆ ಮತ್ತೆ ಹರಿಯುವ ಸಂಭವ ಹೆಚ್ಚು.

ಕಸಿರಜ್ಜು ಕೂರಿಸಲು ಮೂಳೆಯಲ್ಲಿ ಕೊರೆಯುವ ತೂತಿಗೆ ಹೇಳುವ ‘ಸುರಂಗ’ ಕುರಿತು ನನಗೆ ಖಚಿತ ನಿಲುವಿದೆ: ಎರಡೂ ಕಡೆ ಬಾಯಿರುವುದಕ್ಕೆ ಮಾತ್ರ ಸುರಂಗ, ಒಂದೇ ಬಾಯಿಯದಕ್ಕೆ ‘ಕುಳಿ’. ತೊಡೆಮೂಳೆಯ ಆಚೆ ಮೇಲ್ಮೈವರೆಗೆ 4.5 ಮಿ.ಮೀ. ಸುರಂಗ, ಒಳಗಿನಿಂದ 8 ಮಿ.ಮೀ. ಕುಳಿ. ಕಸಿರಜ್ಜುವನ್ನು ಆಚೆ ಮೇಲ್ಮೈಯಿಂದ ಹಿಡಿದಿಡುವ ಲೋಹದ ಬಟನ್ 12 ಮಿ.ಮೀ. ಉದ್ದ, ಅದು ಆಚೆ ಹೋಗಿ ಅಡ್ಡ ತಿರುಗಲು ಕುಳಿಯನ್ನು 6-7 ಮಿ.ಮೀ. ಹೆಚ್ಚು ಆಳ ಕೊರೆಯಬೇಕು. ಎರಡಕ್ಕೂ ಸುರಂಗ ಎಂದು ಬರೆದು 8 ಮಿ.ಮೀ. ಡ್ರಿಲ್ ಆಚೆಗೇ ಹಾಯ್ದರೆ ಬಟನ್ ಕೂರಲು ಎರಡೂ ಬದಿ ತಲಾ 2 ಮಿ.ಮೀ. ಮಾತ್ರ ಉಳಿಯುತ್ತದೆ, ಎಳೆತ ಬಿದ್ದಾಗ ಒಳಗೆ ಜಾರುತ್ತದೆ.

ಎಳೆತ ಎಂದೆನಲ್ಲ, ಇಲ್ಲೂ ಕಲಸುಮೇಲೋಗರವಿದೆ. ಟೆನ್ಷನ್‌ಗೆ ‘ಎಳೆತ’, ಸ್ಟಿಫ್‌ನೆಸ್‌ಗೆ ‘ಬಿಗಿತ’, ಉಕ್ಕಿನ ಹಾರ್ಡ್‌ನೆಸ್‌ಗೆ ‘ಗಡಸುತನ’ ಎಂದು ಬೇರ್ಪಡಿಸಿದ್ದೇನೆ. ಕಸಿರಜ್ಜು ಆಮೇಲೆ ಸಡಿಲಾಗದಿರಲೆಂದು ಹಲಗೆಯ ಮೇಲೆ ಸುಮಾರು 80 ನ್ಯೂಟನ್, ಅಂದರೆ 8 ಕೆ.ಜಿ. ನೇತುಹಾಕಿದಷ್ಟು, 10-15 ನಿಮಿಷ ಎಳೆದಿಡುವುದುಂಟು. ಅಲ್ಲಿ ‘ಬಿಗಿತ 80’ ಎಂದರೆ ಅರ್ಥವೇ ಕೆಡುತ್ತದೆ. ಮರಾಠಿಯ ‘ತಾಣ್’ ಅನ್ನು ಹಾಗೇ ಇಳಿಸಿದರೆ ಕನ್ನಡದಲ್ಲಿ ಅದು ಜಾಗವಾಗಿಬಿಡುತ್ತದೆ. ಸ್ಕ್ರೂವಿನ ಥ್ರೆಡ್‌ಗೆ ಮಾತ್ರ ಇಲ್ಲಿನ ಅಂಗಡಿಗಳ ‘ಆಟೆ’ಯನ್ನೇ ಉಳಿಸಿದ್ದೇನೆ. ‘ಎಳೆ’ ಎಂದರೆ ಹೊಲಿಗೆಯ ದಾರದ ಜೊತೆ ಬೆರೆಯುತ್ತದೆ. ಕಸಿರಜ್ಜುವನ್ನು ಒತ್ತಿಹಿಡಿಯುವ ಸ್ಕ್ರೂವಿನ ಆಟೆ ಮೊಂಡಾಗಿರಬೇಕೆಂದು ಒತ್ತಿ ಹೇಳಬೇಕಾಗಿರುವುದರಿಂದ, ಪದ ಅವರಿಗೆ ಮೊದಲೇ ಗೊತ್ತಿರುವುದು ಒಳ್ಳೆಯದು.

ಉತ್ತರ ಕರ್ನಾಟಕದ ಕಮ್ಮಾರಿಕೆ, ತೊಗಲಿನ ಕೆಲಸ ಬಲ್ಲವರು ದಯವಿಟ್ಟು ಹೇಳಿ: ಹರಿತವಿಲ್ಲದ ಅಂಚಿನಿಂದ ತಳ್ಳಿ ಒಂದರಿಂದ ಇನ್ನೊಂದನ್ನು ಕಳಚುವುದಕ್ಕೆ ನಿಮ್ಮಲ್ಲಿ ‘ಬಿಡಿಸು’ಗಿಂತ ಕರಾರುವಾಕ್ಕಾದ ಪದ ಉಂಟೇ?