ಅಪ್‌ಡೇಟ್: ಬೈಂಡ್ ಮಾಡಿದ ಲಿಸನರ್ ಕೊನೆಗೂ ತೆಗೆಯಲು ಬಂತು

ಸಹಾಯ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಜಾವಾಸ್ಕ್ರಿಪ್ಟ್‌ನಲ್ಲಿ ಲಿಸನರ್ (ಕ್ಲಿಕ್‌ನಂಥದ್ದು ಆದಾಗ ಬ್ರೌಸರ್ ಕರೆಯುವ ಕೋಡ್) ಬಗ್ಗೆ ನನ್ನ ತೊಂದರೆ ಇದು: ಕ್ಲಾಸ್‌ನ ಮೆಥಡ್ ಒಂದನ್ನು ಲಿಸನರ್ ಸೇರಿಸುವ ಆಡ್‌ಇವೆಂಟ್‌ಲಿಸನರ್‌ಗೆ ಹಾಗೇ ಕೊಟ್ಟರೆ, ಅದರೊಳಗಿನ 'ದಿಸ್' (ಮೆಥಡ್ ಯಾವ ಆಬ್ಜೆಕ್ಟ್‌ಗಾಗಿ ಓಡುತ್ತಿದೆ ಎಂದು ಸೂಚಿಸುವ ಪದ) ನನ್ನ ಆಬ್ಜೆಕ್ಟ್ ಬದಲು ಬಟನ್ ಆಗಿಬಿಡುತ್ತಿತ್ತು. 'ದಿಸ್' ಅನ್ನು ನನ್ನ ಆಬ್ಜೆಕ್ಟ್‌ಗೇ ಕಟ್ಟಿಹಾಕುವ ಬೈಂಡ್ ಹಾಕಿದರೆ ಅದು ಸರಿಹೋಗುತ್ತಿತ್ತು. ಆದರೆ ಲಿಸನರ್ ತೆಗೆಯಲು ರಿಮೂವ್‌ಇವೆಂಟ್‌ಲಿಸನರ್ ಕರೆದ ಮೇಲೂ ಕ್ಲಿಕ್ ಕೆಲಸ ಮಾಡುತ್ತಲೇ ಇತ್ತು. ಎರರ್ ಕೂಡ ಇಲ್ಲ.

ಬೈಂಡ್ ಕರೆದಾಗಲೆಲ್ಲ ಹೊಸ ಫಂಕ್ಷನ್ ಹುಟ್ಟುತ್ತದೆ. ಸೇರಿಸಿದ್ದು ಒಂದು, ತೆಗೆಯಲು ಹೇಳಿದ್ದು ಇನ್ನೊಂದು. ಬ್ರೌಸರ್‌ಗೆ ಹೊಂದುವ ಲಿಸನರ್ ಸಿಗುವುದಿಲ್ಲ, ಸುಮ್ನೆ ಇರುತ್ತದೆ. ಎರಡೂ ಕಡೆ ಆರೋ ಫಂಕ್ಷನ್ (ಬಾಣದ ಗುರುತಿನಿಂದ ಚಿಕ್ಕದಾಗಿ ಬರೆಯುವ ಫಂಕ್ಷನ್) ಬರೆಯಿರಿ ಎಂಬ ಸಲಹೆ ಇದೇ ಕಾರಣಕ್ಕೆ ಫಲಿಸಲಿಲ್ಲ. ಬರೆದದ್ದು ಒಂದೇ ಥರ ಕಂಡರೂ ಅವು ಬೇರೆ ಬೇರೆ ಫಂಕ್ಷನ್‌ಗಳೇ ಅಲ್ವಾ.

ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಒಂದೇ ಸಲ ಬೈಂಡ್ ಮಾಡಿ, ಬಂದ ಫಂಕ್ಷನ್ ಅನ್ನು ಆಬ್ಜೆಕ್ಟ್‌ನಲ್ಲೇ ಇಟ್ಟುಕೊಳ್ಳಿ ಎಂದವರ ಮಾತು ಕೆಲಸ ಮಾಡಿತು. ಸೇರಿಸಲು, ತೆಗೆಯಲು ಎರಡಕ್ಕೂ ಅದನ್ನೇ ಕೊಟ್ಟೆ. ಕ್ಯಾಪ್ಚರ್ (ಇವೆಂಟ್ ಹೊರಗಿನ ಎಲಿಮೆಂಟ್‌ನಿಂದ ಒಳಕ್ಕೆ ಬರುವಾಗಲೇ ಲಿಸನರ್ ಓಡಿಸುವ ಆಯ್ಕೆ) ಟ್ರೂ ಎಂದು ಸೇರಿಸಿದ್ದರೆ ತೆಗೆಯುವಾಗಲೂ ಹಾಗೇ ಹೇಳಬೇಕು, ಇದು ನೆನಪಿರಲಿ.

ಹುಡುಕುವಾಗ ಸಿಕ್ಕ ಇನ್ನೊಂದು ವಿಷಯ ತುಂಬಾ ಇಷ್ಟವಾಯಿತು. ಫಂಕ್ಷನ್ ಬದಲು ಆಬ್ಜೆಕ್ಟ್ ಅನ್ನೇ ಲಿಸನರ್ ಆಗಿ ಕೊಡಬಹುದು! ಅದರಲ್ಲಿ ಹ್ಯಾಂಡಲ್‌ಇವೆಂಟ್ ಎಂಬ ಮೆಥಡ್ ಇದ್ದರೆ ಸಾಕು. ಅಲ್ಲಿ 'ದಿಸ್' ಆ ಆಬ್ಜೆಕ್ಟೇ ಆಗಿರುತ್ತದೆ, ಬೈಂಡ್ ಬೇಕೇ ಇಲ್ಲ. ಮುಂದಿನ ಕೋಡ್‌ನಲ್ಲಿ ಇದನ್ನೇ ಬಳಸುತ್ತೇನೆ.